ಉಪ್ಪುಗಾಳಿ ತಿಂದ ಗೇಟು: ಯಾಕೆ ಹಾಳಾಗುತ್ತೆ, ಹೇಗೆ ರಿಪೇರಿ ಮಾಡೋದು?

ನಮ್ಮ ಸಂಘದ ವಾರ್ಷಿಕ ಸಂಚಿಕೆ ಅಂದರೆ ಕವನ, ಪ್ರವಾಸ ಕಥನ, ರಾಜ್ಯೋತ್ಸವದ ಫೋಟೋ, ಒಂದೆರಡು ಅಡುಗೆ ಇದ್ದೇ ಇರುತ್ತವೆ. ಈ ಸಲ ಅವುಗಳ ನಡುವೆ ಗೇಟಿನ ವಿಷಯ ಯಾಕೆ ಬಂತು ಅಂತ ನೀವು ಕೇಳಬಹುದು. ಕಾರಣ ಸರಳ. ನಾವಿರುವ ಪರ್ತ್ ಸಮುದ್ರದ ದಡದ ಊರು. ನಮ್ಮಲ್ಲಿ ಬಹಳ ಜನ ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯವರು. ಅಂದರೆ ನಾವು ಬಾಡಿಗೆಗಿರುವ ಮನೆಯ ಗೇಟೂ ಉಪ್ಪುಗಾಳಿಗೆ ಸಿಕ್ಕಿದೆ, ಅಪ್ಪ ಅಮ್ಮ ಇರುವ ಮನೆಯ ಗೇಟೂ ಉಪ್ಪುಗಾಳಿಗೆ ಸಿಕ್ಕಿದೆ.

ಇದನ್ನು ಬರೆಯುತ್ತಿರುವ ನಾವು ಮೂವರು. ಒಬ್ಬರು ಸಿವಿಲ್, ಒಬ್ಬರು ಮೆಟೀರಿಯಲ್ಸ್, ಇನ್ನೊಬ್ಬರು ನರ್ಸಿಂಗ್ ಓದುವವರು. ಗೇಟಿನ ವಿಷಯಕ್ಕೂ ನರ್ಸಿಂಗಿಗೂ ಏನು ಸಂಬಂಧ ಅನ್ನಬೇಡಿ. ಎಪ್ಪತ್ತು ದಾಟಿದವರು ಬಿಗಿಯಾದ ಗೇಟನ್ನು ಎತ್ತಿ ಎಳೆಯಲು ಹೋಗಿ ಜಾರಿ ಬಿದ್ದರೆ ಮುರಿಯುವುದು ಸೊಂಟದ ಮೂಳೆ. ಇನ್ನು ಗೇಟೇ ಕಳಚಿ ಬಿದ್ದರೆ? 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನವೊಂದರಲ್ಲಿ ಕಬ್ಬಿಣದ ಗೇಟು ಮೇಲೆ ಬಿದ್ದು ಬಾಲಕನೊಬ್ಬ ತೀರಿಕೊಂಡ. ಅದು ಸಮುದ್ರದ ಊರೂ ಅಲ್ಲ. ಹಾಗಾಗಿ ಗೇಟಿನ ತುಕ್ಕನ್ನು ಬರೀ ಅಂದಚಂದದ ವಿಷಯ ಅಂತ ಬಿಡೋ ಹಾಗಿಲ್ಲ.

ಒದ್ದೆ ಮಾಡಲು ಮಳೆಯೇ ಬೇಕಿಲ್ಲ

ನಮ್ಮ ಹಿರಿಯರ ಕಾಲದಲ್ಲಿ ಮನೆಯ ಮುಂದೆ ಕಬ್ಬಿಣದ ಗೇಟು ಇರಲಿಲ್ಲ. ಉಣುಗೋಲು ಇತ್ತು, ತಡಮೆ ಇತ್ತು, ಮಲೆನಾಡಿನ ಕಡೆ ದಣಪೆ ಇತ್ತು. ಎರಡು ಕಂಬ, ನಡುವೆ ಸರಿಸುವ ಮರದ ಗಳ, ಅಷ್ಟೇ. ಗಳ ಕೊಳೆತರೆ ಇನ್ನೊಂದು ಕಡಿದು ತಂದರಾಯಿತು. ಗಲ್ಫಿನ ದುಡ್ಡು, ಬೊಂಬಾಯಿಯ ದುಡ್ಡು ಊರಿಗೆ ಬಂದ ಮೇಲೆ ಮುರಕಲ್ಲಿನ ಕಂಪೌಂಡು ಎದ್ದಿತು, ಅದಕ್ಕೆ ಕಬ್ಬಿಣದ ಗೇಟು ಬಂತು. ಗೇಟಿನ ಜೊತೆಗೇ ತುಕ್ಕೂ ಬಂತು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಬೇಕು, ಆಮ್ಲಜನಕ ಬೇಕು. ಇದು ಶಾಲೆಯಲ್ಲೇ ಓದಿದ್ದು. ಆದರೆ ಮಳೆ ನಿಂತು ತಿಂಗಳಾದರೂ ಕರಾವಳಿಯ ಗೇಟು ತುಕ್ಕು ಹಿಡಿಯುತ್ತಲೇ ಇರುತ್ತೆ, ಯಾಕೆ? ಉತ್ತರ ನಮ್ಮ ಅಡುಗೆಮನೆಯ ಉಪ್ಪಿನ ಮರಿಗೆಯಲ್ಲೇ ಇದೆ. ಮಳೆಗಾಲದಲ್ಲಿ ಕಲ್ಲುಪ್ಪು ತಾನಾಗಿಯೇ ನೀರೂರುವುದನ್ನು ನೋಡಿದ್ದೇವಲ್ಲ? ಯಾರೂ ನೀರು ಹಾಕಿಲ್ಲ, ಉಪ್ಪೇ ಗಾಳಿಯ ತೇವವನ್ನು ಎಳೆದುಕೊಂಡಿದೆ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದಾಗ ನೀರೂರುತ್ತೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತೆ, ಅದಕ್ಕೆ ಸುಮಾರು ಶೇ. 33 ಇದ್ದರೆ ಸಾಕು.

ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯ ಜೊತೆ ಬಂದು ಗೇಟಿನ ಮೇಲೆ ಕೂರುತ್ತವೆ. ನೀರು ಆರುತ್ತೆ, ಉಪ್ಪು ಉಳಿಯುತ್ತೆ. ಆ ಉಪ್ಪು ರಾತ್ರಿಯಿಡೀ ಗಾಳಿಯಿಂದ ತೇವ ಹೀರಿಕೊಂಡು ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ತೆಳುವಾದ ನೀರಿನ ಪದರ ಮಾಡುತ್ತೆ. ಅದು ಉಪ್ಪುನೀರಾದ್ದರಿಂದ ವಿದ್ಯುತ್ತು ಚೆನ್ನಾಗಿ ಹರಿಯುತ್ತೆ, ತುಕ್ಕಿನ ವೇಗ ಹೆಚ್ಚುತ್ತೆ. ಅಂದರೆ ಆಕಾಶ ತಿಳಿಯಾಗಿದ್ದರೂ ಗೇಟಿನ ಪಾಲಿಗೆ ಮಳೆಗಾಲ ಮುಗಿದಿರುವುದಿಲ್ಲ.

ಮಂಗಳೂರು ಕಡೆ ವರ್ಷಕ್ಕೆ ಸುಮಾರು 3500ರಿಂದ 4000 ಮಿ.ಮೀ. ಮಳೆ. ಪರ್ತ್‌ನಲ್ಲಿ 700ರ ಆಸುಪಾಸು. ಹಾಗಾದರೆ ಇಲ್ಲಿನ ಗೇಟಿಗೆ ತುಕ್ಕು ತುಂಬ ಕಡಿಮೆ ಇರಬೇಕಲ್ವಾ? ಹಾಗೇನೂ ಇಲ್ಲ. ಮಳೆ ಗೇಟನ್ನು ಒದ್ದೆ ಮಾಡುವುದರ ಜೊತೆಗೆ ಉಪ್ಪನ್ನು ತೊಳೆದುಕೊಂಡೂ ಹೋಗುತ್ತೆ. ಪರ್ತ್‌ನ ಬೇಸಿಗೆಯಲ್ಲಿ ಮಳೆ ಇಲ್ಲ, ಆದರೆ ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ಗಾಳಿ ಬೀಸುತ್ತೆ. ಸೆಖೆಯಿಂದ ಬಿಡುಗಡೆ ಕೊಡುವುದರಿಂದ ಅದಕ್ಕೆ ಇಲ್ಲಿನವರು ಪ್ರೀತಿಯಿಂದ ಫ್ರಿಮ್ಯಾಂಟಲ್ ಡಾಕ್ಟರ್ ಅಂತ ಹೆಸರಿಟ್ಟಿದ್ದಾರೆ. ಮನುಷ್ಯರಿಗೆ ಡಾಕ್ಟರು ಹೌದು, ಗೇಟಿಗೆ ಮಾತ್ರ ದಿನಾ ಒಂದು ಪದರ ಉಪ್ಪು ಸವರಿ ಹೋಗುವವರು.

ಇದರಿಂದಲೇ ಒಂದು ಗುಟ್ಟು ಗೊತ್ತಾಗುತ್ತೆ. ಗೇಟಿನಲ್ಲಿ ಮಳೆ ಬೀಳುವ ಹೊರಮೈಗಿಂತ ಮಳೆ ತಾಗದ ಜಾಗಗಳೇ ಎಷ್ಟೋ ಸಲ ಹೆಚ್ಚು ಹಾಳಾಗಿರುತ್ತವೆ. ಮೇಲಿನ ಪಟ್ಟಿಯ ಅಡಿಭಾಗ, ತಗಡಿನ ಹಿಂಬದಿ, ಕಮಾನಿನ ಕೆಳಗಿನ ಭಾಗ ಇಂಥವು. ಅಲ್ಲಿಗೆ ಉಪ್ಪು ಹೋಗುತ್ತೆ, ತೊಳೆಯುವ ನೀರು ಹೋಗುವುದಿಲ್ಲ. ಗೇಟು ನೋಡುವಾಗ ಬಗ್ಗಿ ನೋಡಬೇಕು ಅನ್ನುವುದು ಇದಕ್ಕೇ.

ಎಷ್ಟು ವೇಗ?

ಗಾಳಿ ಎಷ್ಟರಮಟ್ಟಿಗೆ ಲೋಹವನ್ನು ತಿನ್ನುತ್ತೆ ಅಂತ ಅಳೆಯಲು ಐಎಸ್‌ಒ 9223 ಅನ್ನುವ ಮಾನದಂಡ ಇದೆ. ಅದರಲ್ಲಿ ಸಿ1ರಿಂದ ಸಿ5ರವರೆಗೆ ದರ್ಜೆಗಳು, ಅದಕ್ಕೂ ಮೇಲೆ ಸಿಎಕ್ಸ್. ಸಿ4 ದರ್ಜೆಯ ಜಾಗದಲ್ಲಿ ಬಣ್ಣವಿಲ್ಲದ ಸಾದಾ ಉಕ್ಕು ಮೊದಲ ವರ್ಷ 50ರಿಂದ 80 ಮೈಕ್ರಾನ್ ಸವೆಯುತ್ತೆ, ಸಿ5ರಲ್ಲಿ 80ರಿಂದ 200 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಅಲೆ ಜೋರಾಗಿ ಒಡೆಯುವ ದಡದ ಪಕ್ಕದಲ್ಲಿ ಪರಿಣಾಮ ಅತಿ ಹೆಚ್ಚು, ಒಳನಾಡಿಗೆ ಹೋದಂತೆ ಬೇಗ ಇಳಿಯುತ್ತೆ.

ಈಗ ಲೆಕ್ಕ ಹಾಕಿ ನೋಡಿ. ಗೇಟಿಗೆ ಹಾಕುವ ತಗಡು ಬಹಳ ಸಲ 1.2 ಮಿ.ಮೀ. ದಪ್ಪದ್ದು. ಬಣ್ಣ ಹೋದ ಜಾಗದಲ್ಲಿ ಎರಡೂ ಬದಿಯಿಂದ ವರ್ಷಕ್ಕೆ 80 ಮೈಕ್ರಾನ್ ಹೋದರೆ ಏಳೆಂಟು ವರ್ಷಕ್ಕೆ ತಗಡೇ ಇರುವುದಿಲ್ಲ. ನಿಜದಲ್ಲಿ ಬಯಲು ಮೈಯಲ್ಲಿ ವೇಗ ವರ್ಷದಿಂದ ವರ್ಷಕ್ಕೆ ಸ್ವಲ್ಪ ಇಳಿಯುತ್ತೆ, ಆದರೆ ಸಂದುಗಳಲ್ಲಿ ನೀರು ಆರದೆ ನಿಲ್ಲುವುದರಿಂದ ಅಲ್ಲಿ ಬೇಗ ತೂತಾಗುತ್ತೆ.

"ನಮ್ಮದು ಜಿಐ ಗೇಟು, ಅದಕ್ಕೆ ತುಕ್ಕು ಬರಲ್ಲ" ಅನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಜಿಐ ಅಂದರೆ ಉಕ್ಕಿನ ಮೇಲೆ ಸತುವಿನ ಲೇಪ. ಪ್ರಶ್ನೆ ಇರುವುದು ಲೇಪ ಎಷ್ಟು ದಪ್ಪ ಅನ್ನುವುದರಲ್ಲಿ. ತೆಳು ತಗಡಿಗೆ ಕಾರ್ಖಾನೆಯಲ್ಲೇ ಲೇಪ ಹಾಕಿ ಮಾಡಿದ ಪೈಪಿನಲ್ಲಿ ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು ಇದ್ದರೆ, ಒಂದು ಬದಿಗೆ ಬರುವುದು ಬರೀ ಎಂಟೂವರೆ ಮೈಕ್ರಾನ್. ಗೇಟು ಪೂರ್ತಿ ತಯಾರಾದ ಮೇಲೆ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿಸಿ ತೆಗೆದರೆ, 2 ಮಿ.ಮೀ. ದಪ್ಪದ ಉಕ್ಕಿಗೆ ಸರಾಸರಿ 55 ಮೈಕ್ರಾನ್ ಆದರೂ ಕೂರಬೇಕು. ಸಿ4 ದರ್ಜೆಯಲ್ಲಿ ಸತು ವರ್ಷಕ್ಕೆ 2.1ರಿಂದ 4.2 ಮೈಕ್ರಾನ್ ಸವೆಯುತ್ತೆ. ಹಾಗಾಗಿ ಮೊದಲನೆಯದು ಎರಡರಿಂದ ನಾಲ್ಕು ವರ್ಷ, ಎರಡನೆಯದು ಹದಿಮೂರರಿಂದ ಇಪ್ಪತ್ತಾರು ವರ್ಷ. ಎರಡನ್ನೂ ಅಂಗಡಿಯಲ್ಲಿ ಕರೆಯುವುದು ಜಿಐ ಅಂತಲೇ! ಅದೂ ಅಲ್ಲದೆ ತೆಳು ಜಿಐ ಪೈಪನ್ನು ವೆಲ್ಡ್ ಮಾಡಿದ ಕಡೆಯೆಲ್ಲ ಸತು ಸುಟ್ಟು ಹೋಗಿರುತ್ತೆ. ತುಕ್ಕು ಶುರುವಾಗುವುದು ಸರಿಯಾಗಿ ಅಲ್ಲಿಂದಲೇ.

ಗೇಟಿನ ಆರೋಗ್ಯ ತಪಾಸಣೆ

ರಿಪೇರಿಗೆ ಮುಂಚೆ ನೋಡಬೇಕಾದ್ದು ಐದು ಜಾಗ.

ಒಂದು, ಕೆಳಗಿನ ಪಟ್ಟಿ. ಟೊಳ್ಳು ಪೈಪಿನ ಒಳಗೆ ನೀರು ಇಳಿದು ಹೊರಗೆ ಬರಲು ದಾರಿ ಇಲ್ಲದೆ ಒಳಗಿನಿಂದಲೇ ತಿನ್ನುತ್ತೆ. ಹೊರಗೆ ಬಣ್ಣ ಚೆನ್ನಾಗಿ ಕಂಡರೂ ಒಳಗೆ ಏನೂ ಇರುವುದಿಲ್ಲ. ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿ: ಗಟ್ಟಿ ಉಕ್ಕು ಠಣ್ ಅನ್ನುತ್ತೆ, ತಿಂದು ಹೋದದ್ದು ಥಪ್ ಅನ್ನುತ್ತೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ.

ಎರಡು, ತಗಡೂ ಚೌಕಟ್ಟೂ ಸೇರುವ ಸಂದು. ವೆಲ್ಡಿಂಗಿನವರು ಅಲ್ಲಲ್ಲಿ ಚುಕ್ಕೆ ಹಾಕಿ ಬಿಟ್ಟಿದ್ದರೆ ನಡುವಿನ ಸಂದಿನಲ್ಲಿ ನೀರು ಕೂರುತ್ತೆ. ತುಕ್ಕು ಮೂಲ ಉಕ್ಕಿಗಿಂತ ಕೆಲವು ಪಟ್ಟು ಹೆಚ್ಚು ಜಾಗ ಕೇಳುತ್ತೆ, ಹಾಗಾಗಿ ತಗಡು ಉಬ್ಬಿ ಅಲೆಅಲೆಯಾಗಿ ಎದ್ದು ನಿಂತಿರುತ್ತೆ.

ಮೂರು, ಬಿಜಾಗರಿ. ಗೇಟಿನ ಇಡೀ ಭಾರ ಇರುವುದು ಇಲ್ಲಿ. ಪಿನ್ ಸವೆದು ಸಣ್ಣದಾಗಿದೆಯೇ, ವೆಲ್ಡ್ ಬಿರುಕು ಬಿಟ್ಟಿದೆಯೇ ನೋಡಿ.

ನಾಲ್ಕು, ಕಂಬ. ಬಿಜಾಗರಿಯ ಕಬ್ಬಿಣ ಕಾಂಕ್ರೀಟಿನೊಳಗೆ ಹೂತಿರುತ್ತೆ. ಅದು ತುಕ್ಕು ಹಿಡಿದು ಊದಿಕೊಂಡು ಕಂಬವನ್ನೇ ಒಡೆಯುತ್ತೆ. ಕಂಬದ ಮೇಲೆ ಉದ್ದಕ್ಕೆ ಬಿರುಕು ಕಂಡರೆ ಅರ್ಥ ಅದೇ. ದಾರಕ್ಕೊಂದು ಕಲ್ಲು ಕಟ್ಟಿ ಇಳಿಬಿಟ್ಟು ಕಂಬ ವಾಲಿದೆಯೇ ಅಂತಲೂ ನೋಡಿ. ಕಂಬ ವಾಲಿದ್ದರೆ ಗೇಟಿಗೆ ಎಷ್ಟು ರಿಪೇರಿ ಮಾಡಿದರೂ ಅದು ನೆಲಕ್ಕೆ ಉಜ್ಜುತ್ತಲೇ ಇರುತ್ತೆ.

ಐದು, ಜಾರುವ ಗೇಟಾಗಿದ್ದರೆ ಹಳಿಯ ಎರಡೂ ತುದಿಯ ತಡೆ ಮತ್ತು ಗೇಟನ್ನು ನೇರವಾಗಿ ಹಿಡಿದಿರುವ ಮೇಲಿನ ರೋಲರ್. ಜಾರುವ ಗೇಟಿನಲ್ಲಿ ಬಿಜಾಗರಿಯೇ ಇರುವುದಿಲ್ಲ. ಮೇಲಿನ ರೋಲರಿನ ಬೋಲ್ಟು ತುಕ್ಕು ತಿಂದು ತುಂಡಾದರೆ, ಅಥವಾ ತುದಿಯ ತಡೆ ಕಿತ್ತುಹೋಗಿ ಗೇಟು ಹಳಿ ದಾಟಿ ಮುಂದೆ ಹೋದರೆ, ಅದನ್ನು ಹಿಡಿಯುವುದು ಏನೂ ಉಳಿಯುವುದಿಲ್ಲ. ಇವೆರಡರಲ್ಲಿ ಒಂದು ಹಾಳಾಗಿದ್ದರೂ ಅವತ್ತೇ ಆ ಗೇಟನ್ನು ಬಳಸುವುದು ನಿಲ್ಲಿಸಿ, ಹಗ್ಗದಿಂದ ಕಂಬಕ್ಕೆ ಭದ್ರವಾಗಿ ಕಟ್ಟಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಗೇಟಿನ ತೂಕ ಎಷ್ಟಿರುತ್ತೆ ಅಂತ ಅಂದಾಜು ಇರಲಿ. 1.6 ಮಿ.ಮೀ. ತಗಡು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ. ಹತ್ತು ಅಡಿ ಅಗಲ, ಐದು ಅಡಿ ಎತ್ತರದ ಗೇಟಿಗೆ ತಗಡೇ 55 ಕಿಲೋ ದಾಟುತ್ತೆ. ಚೌಕಟ್ಟು ಸೇರಿದರೆ 90 ಕಿಲೋ ಹತ್ತಿರ. ಒಂದು ಮೂಟೆ ಸಿಮೆಂಟು 50 ಕಿಲೋ ಅಲ್ವಾ? ಹೆಚ್ಚುಕಡಿಮೆ ಎರಡು ಮೂಟೆ ನಿಂತ ಎತ್ತರದಿಂದ ಮೈಮೇಲೆ ಬಿದ್ದ ಹಾಗೆ.

ರಿಪೇರಿಯ ಕ್ರಮ

ಹೋದ ವರ್ಷ ನಮ್ಮಲ್ಲಿ ಕೆಲವರು ಸೇರಿ ಇರುವ ಬಾಡಿಗೆ ಮನೆಯ ಸಣ್ಣ ಗೇಟನ್ನು, ಮನೆಯ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದು, ಎರಡು ವಾರಾಂತ್ಯಗಳಲ್ಲಿ ಸರಿ ಮಾಡಿದೆವು. ಬೇಕಾದ ಸಾಮಾನೆಲ್ಲ ಬನ್ನಿಂಗ್ಸ್‌ನಲ್ಲೇ ಸಿಕ್ಕಿತು. ಆಗ ಅನುಸರಿಸಿದ ಕ್ರಮ ಇದು. ಊರಿನ ಗೇಟಿಗೂ ಇದೇ ಸಾಲುತ್ತೆ.

ಮೊದಲು ಗೇಟಿನ ಕೆಳಗೆ ಮರದ ತುಂಡು, ಬೆಣೆ ಕೊಟ್ಟು ಭಾರವನ್ನು ನೆಲಕ್ಕೆ ಇಳಿಸಿ. ಆಮೇಲೆಯೇ ಬಿಜಾಗರಿಗೆ ಕೈ ಹಾಕಿ. ಇಬ್ಬರಾದರೂ ಇರಬೇಕು.

ಎರಡನೆಯದು ತೊಳೆಯುವುದು. ಬಹಳ ಜನ ಈ ಹಂತವನ್ನೇ ಬಿಡುತ್ತಾರೆ. ಸೀದಾ ಉಜ್ಜಿ ಬಣ್ಣ ಹೊಡೆದರೆ ಉಪ್ಪು ಬಣ್ಣದ ಅಡಿಯಲ್ಲೇ ಉಳಿಯುತ್ತೆ. ಬಣ್ಣದ ಪದರದ ಮೂಲಕವೂ ನಿಧಾನವಾಗಿ ತೇವ ಒಳಗೆ ಹೋಗುತ್ತೆ, ಅಡಿಯಲ್ಲಿರುವ ಉಪ್ಪು ಅದನ್ನು ಎಳೆದುಕೊಳ್ಳುತ್ತೆ, ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣದ ಮೇಲೆ ಗುಳ್ಳೆ ಏಳುತ್ತೆ. ಆದ್ದರಿಂದ ಸೋಪಿನ ನೀರು, ಆಮೇಲೆ ಸಿಹಿನೀರು ಹಾಕಿ ತೊಳೆಯಿರಿ. ಉಜ್ಜಿ ಮುಗಿದ ಮೇಲೆ ಇನ್ನೊಮ್ಮೆ ಸಿಹಿನೀರಿನಲ್ಲಿ ತೊಳೆದು, ಕೂಡಲೇ ಬಟ್ಟೆಯಿಂದ ಒರೆಸಿ ಒಣಗಿಸಿ. ಪರ್ತ್‌ನಲ್ಲಿ ತೋಟಕ್ಕೆ ಬಳಸುವ ಬೋರ್ ನೀರು ಇದಕ್ಕೆ ಬೇಡ. ಅದರಲ್ಲಿ ಕಬ್ಬಿಣದ ಅಂಶ ಇರುವುದರಿಂದಲೇ ಇಲ್ಲಿನ ಎಷ್ಟೋ ಮನೆಗಳ ಗೋಡೆ, ಬೇಲಿಗಳ ಮೇಲೆ ಕಂದು ಕಲೆ ಕಾಣುವುದು. ಸ್ಪ್ರಿಂಕ್ಲರಿನ ನೀರು ದಿನಾ ಗೇಟಿಗೆ ಹಾರುತ್ತಿದ್ದರೆ ಅದರ ದಿಕ್ಕು ತಿರುಗಿಸಿ.

ಮೂರನೆಯದು ಉಜ್ಜುವುದು. ವೈರ್ ಬ್ರಷ್, ಎಮರಿ ಪೇಪರ್, ಬೇಕಿದ್ದರೆ ಗ್ರೈಂಡರ್. ಪದರಪದರವಾಗಿ ಏಳುವ ತುಕ್ಕೆಲ್ಲ ಹೋಗಬೇಕು, ಗಟ್ಟಿಯಾಗಿರುವ ಹಳೆ ಬಣ್ಣ ಉಳಿದರೆ ಪರವಾಗಿಲ್ಲ. ಅದರ ಅಂಚನ್ನು ಇಳಿಜಾರಾಗಿ ಸವರಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ. ಇಲ್ಲೊಂದು ಎಚ್ಚರಿಕೆಯ ಮಾತು: ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಆಸ್ಟ್ರೇಲಿಯಾದಲ್ಲಿ 1970ಕ್ಕೂ ಹಿಂದಿನ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಊರಿನ ಹಳೆ ಗೇಟನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಚ್ಚಿ ಉಜ್ಜಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಧೂಳನ್ನು ತುಳಸಿಕಟ್ಟೆ, ಬಾವಿಕಟ್ಟೆಯ ಕಡೆ ಗುಡಿಸಬೇಡಿ. ಪುಟ್ಟ ಮಕ್ಕಳು, ಬಸುರಿಯರು ದೂರ ಇರಲಿ.

ನಾಲ್ಕನೆಯದು ತೂತು ಬಿದ್ದ ಭಾಗ. ಕೊಳೆತ ಪಟ್ಟಿಯ ಮೇಲೆ ಹೊಸ ತಗಡು ಅಂಟಿಸಿದರೆ ಒಳಗಿನ ತುಕ್ಕು ಮುಂದುವರಿಯುತ್ತೆ, ಮೇಲಾಗಿ ಹೊಸ ಸಂದೊಂದು ಹುಟ್ಟುತ್ತೆ. ಗಟ್ಟಿ ಉಕ್ಕು ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತುಂಡು ಸೇರಿಸಿ, ಚುಕ್ಕೆ ಬಿಡದೆ ಪೂರ್ತಿ ವೆಲ್ಡ್ ಮಾಡಿಸಬೇಕು. ಕೆಳಗಿನ ಪಟ್ಟಿಯ ಅಡಿಯಲ್ಲಿ ಎರಡೂ ತುದಿಗೆ, ನಡುವೆ ಒಂದು ಕಡೆ, 8 ಮಿ.ಮೀ. ತೂತು ಕೊರೆಸಿ. ಒಳಗೆ ಹೋದ ನೀರಿಗೆ ಹೊರಬರುವ ದಾರಿ ಅದೇ. ಜಿಐ ಪೈಪಾಗಿದ್ದರೆ ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆಯಬೇಕು. ಸತು ಸುಟ್ಟ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತೆ. ಕೆಲಸ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡುವುದು ಒಳ್ಳೆಯದು.

ಐದನೆಯದು ತುಕ್ಕು ಪರಿವರ್ತಕ. ಗುಂಡಿಗಳಲ್ಲಿ ಉಳಿದ, ಬ್ರಷ್ಷಿಗೆ ಬಾರದ ತುಕ್ಕಿಗೆ ಮಾತ್ರ ಇದು. ಇದರಲ್ಲಿ ಇರುವುದು ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ. ಟ್ಯಾನಿಕ್ ಆಮ್ಲ ಕಬ್ಬಿಣದ ಜೊತೆ ಸೇರಿ ಕಪ್ಪಗಾಗುತ್ತೆ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನಶಾಸ್ತ್ರ. ಆದರೆ ಇದು ದಪ್ಪ ತುಕ್ಕಿಗೆ ಮದ್ದಲ್ಲ, ಹೊಳೆಯುವ ಉಕ್ಕಿಗೂ ಸತುವಿಗೂ ಹಚ್ಚುವುದಲ್ಲ.

ಆರನೆಯದು ಬಣ್ಣ. ನಮ್ಮೂರಲ್ಲಿ ಎಲ್ಲದಕ್ಕೂ ರೆಡ್ ಆಕ್ಸೈಡ್. ಒಳನಾಡಿಗೆ ಅದು ನಡೆಯುತ್ತೆ, ಉಪ್ಪುಗಾಳಿಗೆ ಸಾಲದು. ಗ್ರೈಂಡರಿನಿಂದ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಮಾಡಿದ ಉಕ್ಕಿಗೆ ಸತು ತುಂಬಿದ ಪ್ರೈಮರ್ ಒಳ್ಳೆಯದು, ಆದರೆ ಅದು ನೇರವಾಗಿ ಲೋಹವನ್ನು ಮುಟ್ಟಿದರೆ ಮಾತ್ರ ಕೆಲಸ ಮಾಡುತ್ತೆ. ಅಲ್ಲಲ್ಲಿ ಹಳೆ ಬಣ್ಣ, ಸ್ವಲ್ಪ ತುಕ್ಕು ಉಳಿದ ಗೇಟಿಗೆ ಎರಡು ಡಬ್ಬ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಮೇಲು. ಜಿಐ ಮೈಮೇಲೆ ನೇರವಾಗಿ ಇನಾಮೆಲ್ ಹೊಡೆಯಲೇಬೇಡಿ. ಸತುವೂ ಆ ಬಣ್ಣದ ಎಣ್ಣೆಯ ಅಂಶವೂ ಸೇರಿ ಸಾಬೂನಿನಂಥ ಪದರವಾಗಿ, ಬಣ್ಣ ಹಾಳೆಹಾಳೆಯಾಗಿ ಕಿತ್ತುಬರುತ್ತೆ. ಪ್ರೈಮರ್ ಆದ ಮೇಲೆ ಮೂಲೆ, ಅಂಚು, ವೆಲ್ಡ್ ಗೆರೆಗಳಿಗೆ ಸಣ್ಣ ಬ್ರಷ್ಷಿನಿಂದ ಒಂದು ಸಲ ಪ್ರತ್ಯೇಕವಾಗಿ ಹಚ್ಚಿ, ಯಾಕೆಂದರೆ ಚೂಪು ಅಂಚಿನಲ್ಲಿ ಬಣ್ಣ ತೆಳುವಾಗಿ ನಿಲ್ಲುತ್ತೆ. ಆಮೇಲೆ ಮೇಲಿನ ಬಣ್ಣ ಎರಡು ಕೋಟ್.

ಸಮಯವೂ ಮುಖ್ಯ. ಗಾಳಿಯ ತೇವಾಂಶ ಶೇ. 85ಕ್ಕಿಂತ ಕಡಿಮೆ ಇರಬೇಕು, ಉಕ್ಕಿನ ಮೈ ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಪರ್ತ್‌ನಲ್ಲಾದರೆ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಮಧ್ಯಾಹ್ನದ ಸಮುದ್ರಗಾಳಿ ಬರುವ ಮುಂಚೆ ಮುಗಿಸಿ. ಕರಾವಳಿಯಲ್ಲಾದರೆ ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿಯವರೆಗಿನ ಒಣ ದಿನಗಳು ಒಳ್ಳೆಯವು. ಮೇ ತಿಂಗಳ ಕೊನೆಗೆ, ಪತ್ತನಾಜೆ ಹತ್ತಿರ ಬಂದಾಗ, ಮಳೆಗೆ ಮುಂಚೆ ಆಗಲಿ ಅಂತ ಅವಸರದಲ್ಲಿ ಹಚ್ಚಿದ ಬಣ್ಣಕ್ಕೆ ಸರಿಯಾಗಿ ಗಟ್ಟಿಯಾಗುವ ಸಮಯ ಸಿಗುವುದಿಲ್ಲ.

ಕೊನೆಗೆ ಬಿಜಾಗರಿ. ಪಿನ್ ಸವೆದಿದ್ದರೆ ಬದಲಾಯಿಸಿ. ಭಾರದ ಗೇಟಿಗೆ ಕೆಳಗಿನ ಬಿಜಾಗರಿಯಲ್ಲಿ ಬೇರಿಂಗ್ ಹಾಕಿಸಿದರೆ ಮುದುಕರೂ ಒಂದು ಕೈಯಲ್ಲಿ ತೆಗೆಯಬಹುದು. ಗ್ರೀಸ್ ಹಚ್ಚುವಾಗ ಹಳೆಯದನ್ನು ಒರೆಸಿ ತೆಗೆಯಿರಿ. ಅದರಲ್ಲಿ ಮರಳು ಸೇರಿ ಎಮರಿಯಂತೆ ಉಜ್ಜುತ್ತಿರುತ್ತೆ.

ಸ್ಟೀಲು, ಅಲ್ಯೂಮಿನಿಯಂ, ಮರ

ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ತಲೆನೋವಿಲ್ಲ ಅನ್ನುತ್ತಾರೆ. ಮಾರುಕಟ್ಟೆಯ ಸಾಮಾನ್ಯ 304 ದರ್ಜೆಗೆ ಸಮುದ್ರದ ಪಕ್ಕ ಕಂದು ಕಲೆ ಬರುತ್ತೆ. ಆಸ್ಟ್ರೇಲಿಯಾದವರು ಅದಕ್ಕೆ ಚಹಾದ ಕಲೆ ಅಂತಲೇ ಹೆಸರಿಟ್ಟಿದ್ದಾರೆ. ಮಾಲಿಬ್ಡಿನಂ ಸೇರಿದ 316 ದರ್ಜೆ ಮೇಲು, ಅದನ್ನೂ ಆಗಾಗ ತೊಳೆಯಬೇಕು. ಅಲ್ಯೂಮಿನಿಯಂ ಗೇಟು ಹಗುರ, ಆದರೆ ಅದಕ್ಕೆ ಹಾಕಿದ ಸಾದಾ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿಯುತ್ತೆ. ಸ್ಟೀಲಿನ ಸ್ಕ್ರೂ ಹಾಕಿದರೆ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತೆ. ನಡುವೆ ಪ್ಲಾಸ್ಟಿಕ್ ವಾಷರ್ ಇರಲಿ.

ಮರದ ಗೇಟು ಜೋತು ಬೀಳುವುದಕ್ಕೆ ಬಹಳ ಸಲ ಕಾರಣ ಅಡ್ಡಪಟ್ಟಿಯ ದಿಕ್ಕು. ಓರೆಯಾಗಿ ಹೊಡೆಯುವ ಮರದ ಪಟ್ಟಿ ಬಿಜಾಗರಿ ಇರುವ ಬದಿಯ ಕೆಳಮೂಲೆಯಿಂದ ಚಿಲಕ ಇರುವ ಬದಿಯ ಮೇಲ್ಮೂಲೆಗೆ ಹೋಗಬೇಕು. ಆಗ ಅದು ಭಾರವನ್ನು ತಳ್ಳಿ ಹಿಡಿಯುತ್ತೆ. ತಂತಿ ಕಟ್ಟಿ ಬಿಗಿಯುವುದಾದರೆ ಇದಕ್ಕೆ ಉಲ್ಟಾ: ಬಿಜಾಗರಿಯ ಮೇಲ್ಮೂಲೆಯಿಂದ ಚಿಲಕದ ಕೆಳಮೂಲೆಗೆ. ಹಲಗೆಗಳ ಕೊಯ್ದ ತುದಿಗಳಿಂದಲೇ ನೀರು ಹೆಚ್ಚು ಒಳಗೆ ಹೋಗುವುದು, ಮೊದಲು ಬಣ್ಣ ಕುಡಿಸಬೇಕಾದ್ದು ಅಲ್ಲಿಗೆ.

ಬಾಡಿಗೆ ಮನೆಯವರಿಗೆ

ಗೇಟು ನಮ್ಮದಲ್ಲ, ಹಾಗಾಗಿ ಒಪ್ಪಿಗೆ ಇಲ್ಲದೆ ಗ್ರೈಂಡರ್ ಹಿಡಿಯಬೇಡಿ. ಫೋಟೋ ತೆಗೆದು, ತಾರೀಖು ಹಾಕಿ, ಇಮೇಲಿನಲ್ಲಿ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಈಜುಕೊಳ ಇರುವ ಮನೆಯಾದರೆ ಇನ್ನೂ ಮುಖ್ಯ. ಇಲ್ಲಿನ ನಿಯಮದಂತೆ ಈಜುಕೊಳದ ಗೇಟು ಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಂಡು ತಾನಾಗಿ ಚಿಲಕ ಬೀಳಬೇಕು, ಕೊಳದ ಕಡೆಗೆ ತೆರೆದುಕೊಳ್ಳಬಾರದು. ಉಪ್ಪುಗಾಳಿಗೆ ಅದರ ಸ್ಪ್ರಿಂಗು, ಚಿಲಕ ಬಿಗಿಯಾಗಿ ಗೇಟು ಒಂದು ಬೆರಳಿನಷ್ಟು ತೆರೆದೇ ಉಳಿದರೂ ಎರಡು ವರ್ಷದ ಮಗು ಒಳಗೆ ಹೋಗಬಹುದು. ಹಬ್ಬಕ್ಕೆ ಅಂತ ಮಕ್ಕಳಿರುವ ಸಂಸಾರಗಳು ಮನೆಗೆ ಬರುವ ಮುಂಚೆ ಈ ಗೇಟನ್ನು ಬೇರೆ ಬೇರೆ ಕೋನದಲ್ಲಿ ತೆರೆದು ಬಿಟ್ಟು ನೋಡಿ. ಮುಚ್ಚಿಕೊಳ್ಳದಿದ್ದರೆ ಅವತ್ತೇ ಮನೆಯವರಿಗೆ ತುರ್ತು ಅಂತ ಬರೆಯಿರಿ, ಸರಿಯಾಗುವವರೆಗೆ ಅಲ್ಲಿ ದೊಡ್ಡವರೊಬ್ಬರು ಇರಲಿ.

ಊರಿನ ಮನೆಗೆ ಫೋನಿನಲ್ಲಿ

ಅಮ್ಮನ ಹತ್ತಿರ ಗೇಟು ಹೇಗಿದೆ ಅಂತ ಕೇಳಿದರೆ ಬರುವ ಉತ್ತರ ನಮಗೆಲ್ಲ ಗೊತ್ತು: "ಸ್ವಲ್ಪ ಬಿಗಿಯಾಗಿದೆ ಅಷ್ಟೇ ಮಗಾ, ನೀನು ತಲೆ ಕೆಡಿಸ್ಕೊಳ್ಬೇಡ." ಹಾಗಾಗಿ ಕೇಳುವ ಬದಲು ತೋರಿಸಲು ಹೇಳಿ. ವಿಡಿಯೋ ಕಾಲ್ ಮಾಡಿ, "ಅಮ್ಮಾ, ಒಂದ್ಸಲ ಗೇಟು ತೆಗೆದು ಹಾಕಿ ತೋರ್ಸು" ಅನ್ನಿ. ಎತ್ತಿ ತೆಗೆಯುತ್ತಾರೋ, ಕಾಲಲ್ಲಿ ಒದ್ದು ತೆಗೆಯುತ್ತಾರೋ, ಒಂದು ಬದಿ ತೆಗೆಯುವುದನ್ನೇ ಬಿಟ್ಟಿದ್ದಾರೋ, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ. ಕೆಳಗಿನ ಪಟ್ಟಿ, ಬಿಜಾಗರಿ, ಕಂಬದ ಬಿರುಕು ಮೂರಕ್ಕೂ ಹತ್ತಿರದಿಂದ ಫೋಟೋ ಕಳಿಸಲು ಪಕ್ಕದ ಮನೆಯ ಹುಡುಗರಿಗೆ ಹೇಳಿ.

ವೆಲ್ಡಿಂಗಿನವರ ಹತ್ತಿರ ಮಾತಾಡುವಾಗ "ಚೆನ್ನಾಗಿ ಮಾಡಿ ಕೊಡಿ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ನಾವು ಬರೆದಿಟ್ಟುಕೊಂಡಿರುವ ಪ್ರಶ್ನೆಗಳು ಇವು:

"ಅಣ್ಣಾ, ಕೆಳಗಿನ ಪಟ್ಟಿ ಕತ್ತರಿಸಿ ಹೊಸದು ಹಾಕ್ತೀರಾ, ಇಲ್ಲ ಮೇಲಿಂದ ತಗಡು ಕೂರಿಸ್ತೀರಾ?"

"ಪೈಪು ಎಷ್ಟು ಎಂಎಂ ದಪ್ಪದ್ದು? ಅಡಿಯಲ್ಲಿ ನೀರು ಹೋಗ್ಲಿಕ್ಕೆ ತೂತು ಇಡ್ತೀರಲ್ಲ?"

"ವೆಲ್ಡ್ ಪೂರ್ತಿ ಎಳೀತೀರಾ, ಚುಕ್ಕೆ ಇಡ್ತೀರಾ?"

"ಪ್ರೈಮರ್ ಯಾವುದು? ಡಬ್ಬದ ಫೋಟೋ ಒಂದು ಕಳ್ಸಿ ಮಾರಾಯ್ರೆ."

"ಗೇಟು ತೆಗೆದಿಟ್ಟಾಗ ಗೋಡೆಗೆ ಒರಗಿಸ್ಬೇಡಿ, ನೆಲದ ಮೇಲೆ ಮಲಗಿಸಿ. ಮನೇಲಿ ಮಕ್ಕಳಿದ್ದಾರೆ."

ಹೊಸ ಗೇಟೇ ಮಾಡಿಸುವುದಾದರೆ, ತಗಡು ಮುಚ್ಚಿದ ಭಾರದ ಗೇಟಿಗಿಂತ ಸರಳಿನ ಗೇಟು ಕರಾವಳಿಗೆ ಒಳ್ಳೆಯದು. ತೂಕ ಕಡಿಮೆ, ಗಾಳಿ ಆಡುತ್ತೆ, ಬೇಗ ಒಣಗುತ್ತೆ, ಮಳೆ ಎಲ್ಲ ಕಡೆ ತೊಳೆಯುತ್ತೆ. ಇಡೀ ಗೇಟನ್ನು ಸತುವಿನಲ್ಲಿ ಮುಳುಗಿಸಿ ಕೊಡುವವರು ಹತ್ತಿರದಲ್ಲಿ ಇದ್ದರೆ ಖರ್ಚು ಹೆಚ್ಚಾದರೂ ವಿಚಾರಿಸಿ. ಆದರೆ ಮುಳುಗಿಸುವ ಮುಂಚೆ ಪೈಪುಗಳಿಗೆ ತೂತು ಇರಲೇಬೇಕು. ಒಳಗೆ ಗಾಳಿ, ನೀರು ಸಿಕ್ಕಿಕೊಂಡರೆ ಬಿಸಿಗೆ ಪೈಪೇ ಸಿಡಿಯುತ್ತೆ.

ಆಮೇಲೆ ಉಳಿಯುವುದು ಸಣ್ಣ ಕೆಲಸ. ತಿಂಗಳಿಗೊಮ್ಮೆ ಸಿಹಿನೀರು ಹಾಕಿ, ಮಳೆ ತಾಗದ ಅಡಿಭಾಗಗಳನ್ನೂ ತೊಳೆಯುವುದು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಸುತ್ತಿಗೆಯಿಂದ ತಟ್ಟಿ ನೋಡುವುದು. ಬಣ್ಣ ಕಿತ್ತ ಜಾಗಕ್ಕೆ ಉಗುರಿನಷ್ಟಿರುವಾಗಲೇ ಉಜ್ಜಿ ಹಚ್ಚುವುದು. ಡಿಸೆಂಬರ್ ರಜೆಗೆ ನಮ್ಮಲ್ಲಿ ಬಹಳ ಜನ ಊರಿಗೆ ಹೋಗುತ್ತೀರಿ. ಅದು ಕರಾವಳಿಯಲ್ಲಿ ಬಣ್ಣ ಹಚ್ಚಲು ಹೇಳಿಮಾಡಿಸಿದ ಕಾಲ. ಎರಡು ದಿನ ಗೇಟಿಗೆ ಅಂತ ಎತ್ತಿಡಿ. ಮಾಡಿದ ಮೇಲೆ ಫೋಟೋ ಸಂಘದ ಗುಂಪಿಗೆ ಹಾಕಿ, ಯಾವ ಪ್ರೈಮರ್ ಹಚ್ಚಿದಿರಿ, ಎಷ್ಟು ಖರ್ಚಾಯಿತು ಅಂತಲೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಲೆಕ್ಕ ಸೇರಿಸಿ ಹಾಕೋಣ.